ಪೆನ್‌ಡ್ರೈವಿನ ಫೈಲುಗಳು ಎಲ್ಲಿಗೂ ಹೋಗಿಲ್ಲ

ಪ್ರಶ್ನೆ: ಮಗಳ ಪ್ರಾಜೆಕ್ಟ್ ವರದಿಯ ಮುದ್ರಣಕ್ಕೆ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಮನೆಗೆ ತಂದು ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಫಾರ್ಮ್ಯಾಟ್ ಬಿಟ್ಟರೆ ದಾರಿಯಿಲ್ಲ ಎನ್ನುತ್ತಾರೆ ರಿಪೇರಿಯವರು. ಮಾಡಿಸಲೇ?

ಉತ್ತರ: ಬೇಡ. ಪ್ರಾಜೆಕ್ಟ್‌ಗಳ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಎಲ್ಲ ಅಳಿಸಿಸಿಕೊಂಡ ಮೇಲೆ ಕೇಳುವವರೇ ಹೆಚ್ಚು. ನೀವು ಮೊದಲೇ ಕೇಳಿದಿರಿ, ಪುಣ್ಯ. ವೈರಸ್ ನಿಮ್ಮ ಫೋಲ್ಡರ್‌ಗಳನ್ನು ಅಡಗಿಸಿ, ಅವೇ ಹೆಸರಿನ ಒಂದೆರಡು ಕೆಬಿಯ ಶಾರ್ಟ್‌ಕಟ್‌ಗಳನ್ನು ಮುಂದಿಟ್ಟಿದೆ, ಅಷ್ಟೇ.

ಹಿಂದೆಲ್ಲ ಪೆನ್‌ಡ್ರೈವ್ ಸಿಕ್ಕಿಸಿದೊಡನೆ ‘ಆಟೋರನ್’ ಮೂಲಕ ವೈರಸ್ ತಾನೇ ಎದ್ದು ಕೂರುತ್ತಿತ್ತು. ವಿಂಡೋಸ್ 7ರಲ್ಲಿ ಆ ಬಾಗಿಲು ಮುಚ್ಚಿತು. 2011ರ ಫೆಬ್ರುವರಿಯ ಅಪ್‌ಡೇಟ್ ಎಕ್ಸ್‌ಪಿ, ವಿಸ್ಟಾಗಳಲ್ಲೂ ಮುಚ್ಚಿತು. ಹಾಗಾಗಿ ಈ ಜಾತಿಯ ವೈರಸ್‌ಗೆ ಈಗ ನಿಮ್ಮ ಡಬಲ್ ಕ್ಲಿಕ್ಕೇ ಬೇಕು. ಶಾರ್ಟ್‌ಕಟ್ ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಮರುಕ್ಷಣವೇ ಫೋಲ್ಡರ್ ತೆರೆದುಕೊಳ್ಳುತ್ತದೆ. ಅನುಮಾನಕ್ಕೆ ಎಡೆಯೇ ಇಲ್ಲ. ನಂಬಿಕೆ ಬಾರದಿದ್ದರೆ ಒಂದು ಶಾರ್ಟ್‌ಕಟ್ ಮೇಲೆ ಬಲ ಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಟಾರ್ಗೆಟ್’ ಎಂಬ ಸಾಲನ್ನು ಓದಿ. ಫೋಲ್ಡರ್ ದಾರಿಯ ಬದಲು ‘ಸಿಎಂಡಿ’ (cmd) ಅಥವಾ ‘ಡಬ್ಲ್ಯುಸ್ಕ್ರಿಪ್ಟ್’ (wscript) ಎಂದಿರುವ ಉದ್ದನೆಯ ಸಾಲು ಕಂಡರೆ ಕಳ್ಳ ಸಿಕ್ಕಿದ.

ಮನೆಯಲ್ಲಿ ಯಾರಾದರೂ ಅದನ್ನು ಒತ್ತಿಯೇ ಇರುತ್ತಾರೆ. ಆದ್ದರಿಂದ ಮೊದಲ ಚಿಕಿತ್ಸೆ ಪೆನ್‌ಡ್ರೈವಿಗಲ್ಲ, ಕಂಪ್ಯೂಟರಿಗೆ. ಪೆನ್‌ಡ್ರೈವ್ ಕಿತ್ತಿಟ್ಟು, ‘ವಿಂಡೋಸ್ ಸೆಕ್ಯುರಿಟಿ’ಯ ಸ್ಕ್ಯಾನ್ ಆಯ್ಕೆಗಳಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ನಡೆಸಿ. ಕಂಪ್ಯೂಟರ್ ಮರುಚಾಲನೆಯಾಗಿ ವಿಂಡೋಸ್ ಏಳುವ ಮೊದಲೇ ತಪಾಸಣೆ ಮುಗಿಸುತ್ತದೆ. ಸುಮಾರು ಕಾಲು ಗಂಟೆ ಬೇಕು. ಈ ಹಂತ ಬಿಟ್ಟವರ ಪೆನ್‌ಡ್ರೈವ್ ಎಷ್ಟು ಸಲ ತೊಳೆದರೂ ಮತ್ತೆ ಕೊಳೆಯಾಗುತ್ತದೆ.

ಆಮೇಲೆ ಪೆನ್‌ಡ್ರೈವ್ ಹಾಕಿ, ಅದನ್ನೂ ಸ್ಕ್ಯಾನ್ ಮಾಡಿ. ಫೋಲ್ಡರ್ ಆಯ್ಕೆಗಳಲ್ಲಿ ಅಡಗಿದ ಫೈಲುಗಳನ್ನು ತೋರಿಸಲು ಹೇಳಿ. ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎದುರಿನ ಗುರುತನ್ನೂ ತೆಗೆಯಿರಿ. ಎರಡನೆಯದನ್ನು ಮರೆತು ‘ಏನೂ ಕಾಣುತ್ತಿಲ್ಲ ಸಾರ್’ ಎಂದು ಬರೆಯಬೇಡಿ. ಕೆಲವೊಮ್ಮೆ ಎಲ್ಲವೂ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗಿರುತ್ತದೆ. ನಿಮ್ಮ ವರದಿ, ಫೋಟೊಗಳನ್ನಷ್ಟೇ ನಕಲಿಸಿಕೊಳ್ಳಿ. ಗುರುತು ಸಿಗದ ಯಾವುದನ್ನೂ ತೆರೆಯಬೇಡಿ. ಫಾರ್ಮ್ಯಾಟ್ ಮಾಡುವ ಹೊತ್ತು ಈಗ.

‘ಶಾರ್ಟ್‌ಕಟ್ ವೈರಸ್ ರಿಮೂವರ್’ ಎಂಬ ಉಚಿತ ಸಾಫ್ಟ್‌ವೇರ್ ಇಳಿಸಿಕೊಳ್ಳಿ ಎನ್ನುವ ವಿಡಿಯೊ ಪಂಡಿತರ ಮಾತಿಗೆ ಮಾತ್ರ ಹೋಗಬೇಡಿ. ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುವ ಔಷಧವನ್ನು ನಾನು ಮುಟ್ಟುವುದಿಲ್ಲ. ಅಂಗಡಿಗೆ ಬೇರೆಯೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಮುದ್ರಿಸಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು. ಮದುವೆ ಫೋಟೊ, ಆಧಾರ್, ಪತ್ರಗಳೆಲ್ಲ ಇರುವ ಒಂದೇ ಡ್ರೈವನ್ನು ಊರೆಲ್ಲ ಸುತ್ತಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಎರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಇಮ್ಮಡಿಯೇ?

ಉತ್ತರ: ಇಲ್ಲ, ಎರಡೂ ಜಗಳವಾಡುತ್ತವೆ. ಅಪ್‌ಡೇಟ್ ನಿಲ್ಲಿಸದಿದ್ದರೆ ಮನೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು.

ಪ್ರಶ್ನೆ: ವಿಂಡೋಸ್ 10 ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಬದಲಿಸಲೇಬೇಕೇ?

ಉತ್ತರ: ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರವಾದರೆ ಬದಲಿಸಿ.

ಪ್ರಶ್ನೆ: ಪರದೆ ತುಂಬ ವೈರಸ್ ಎಚ್ಚರಿಕೆ, ಕೆಳಗೆ ಮೈಕ್ರೋಸಾಫ್ಟ್‌ನ ಫೋನ್ ಸಂಖ್ಯೆ. ಕರೆ ಮಾಡಲೇ?

ಉತ್ತರ: ಮಾಡಬೇಡಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ. ಹಣ ಕೊಟ್ಟಾಗಿದ್ದರೆ ನನಗೆ ಬರೆಯುತ್ತ ಕೂರದೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.