ದೊಡ್ಡ ಲ್ಯಾಬ್ ಇಲ್ಲದಿದ್ದರೆ ಗೆಲ್ಲೋಕಾಗಲ್ವಾ?

ಪ್ರಶ್ನೆ: ನಾನು ಹೈಸ್ಕೂಲ್ ವಿದ್ಯಾರ್ಥಿನಿ. ದೊಡ್ಡ ಲ್ಯಾಬ್ ಸಿಗದವರು ವಿಜ್ಞಾನ ಮೇಳದಲ್ಲಿ ಗೆಲ್ಲೋದು ಸಾಧ್ಯವಾ?

ಉತ್ತರ: ಖಂಡಿತ ಸಾಧ್ಯ. ಉಪಕರಣಕ್ಕಿಂತ ನಿಮ್ಮ ಪ್ರಶ್ನೆ ಮುಖ್ಯ. ಸುಮ್ನೆ ‘ಗಿಡ ಹೇಗೆ ಬೆಳೆಯುತ್ತೆ’ ಅಂತ ಹೊರಟರೆ ಎಲ್ಲೂ ಮುಟ್ಟಲ್ಲ. ‘ನೀರಿನಲ್ಲಿ ಉಪ್ಪು ಎಷ್ಟಾದರೆ ಬೀಜ ಮೊಳಕೆ ಒಡೆಯಲ್ಲ’ ಅಂತ ಕೇಳಿ, ಆಗ ಅಳೆಯೋಕೆ ಏನಾದರೂ ಸಿಗುತ್ತದೆ ಅಲ್ವಾ? ಉಪ್ಪಿನ ಪ್ರಮಾಣ ಮಾತ್ರ ಬದಲಿಸಿ, ಹೋಲಿಕೆಗೆ ಉಪ್ಪಿಲ್ಲದ ನೀರಿನದೂ ಒಂದು ಬಟ್ಟಲು ಇಡಿ, ಮತ್ತೆ ಮತ್ತೆ ಮಾಡಿ ನೋಡಿ, ದಿನಾಂಕ ಹಾಕಿ ಪುಸ್ತಕದಲ್ಲಿ ಬರೆಯಿರಿ. ಎಡವಟ್ಟಾಗಿದ್ದನ್ನೂ ಬರೆಯಿರಿ. ನನಗಂತೂ ಆ ಪುಟಗಳೇ ಜಾಸ್ತಿ ಇಷ್ಟ.

ನಿಯಮಗಳನ್ನು ಮೊದಲೇ ಓದಿ. ಅಮೆರಿಕದಲ್ಲಿ 1950ರಲ್ಲಿ ಶುರುವಾದ ಐಸೆಫ್ ಮೇಳದಲ್ಲಿ (ಹೈಸ್ಕೂಲ್ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ವಿಜ್ಞಾನ ಮೇಳ) ಮನುಷ್ಯರ ಮೇಲೆ, ಬೆನ್ನೆಲುಬಿರುವ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದಾದರೆ ಮುಂಚೆಯೇ ಒಪ್ಪಿಗೆ ಪಡೆದಿರಬೇಕು. ಯಾರಾದರೂ ಸಹಾಯ ಮಾಡಿದ್ದರೆ ಮುಚ್ಚಿಡಬೇಡಿ, ತೀರ್ಪುಗಾರರು ಎದುರಿಗೇ ನಿಂತು ಕೇಳುತ್ತಾರೆ.