ಕೆಟ್ಟ ಕಾಡಲ್ಲಿ ಜಾಗ ಕೊಟ್ರು, ಅಲ್ಲೇ ಚರ್ಚ್ ಎದ್ದಿತು

ಪ್ರಶ್ನೆ: ನೈಜೀರಿಯಾದ ಇಗ್ಬೋ ಜನರ ಬಗ್ಗೆ ಒಂದು ಕಾದಂಬರಿ ಓದ್ದೆ. ಪೂರ್ವಜರು, ಭೂದೇವಿ, ಮುಖವಾಡದ ಕುಣಿತ ಅಂತ ಅಷ್ಟು ಗಟ್ಟಿಯಾಗಿದ್ದ ಊರು, ಯಾರೋ ನಾಲ್ಕು ಜನ ಪಾದ್ರಿಗಳು ಬಂದು ಹಾಡು ಹೇಳಿದ್ದಕ್ಕೆ ಒಡೆದೋಯ್ತು ಅಂದ್ರೆ ನಂಬೋಕಾಗ್ತಿಲ್ಲ. ನಿಜವಾಗ್ಲೂ ಹಂಗಾಯ್ತಾ?

ಹಾಡಿಗೆ ಒಡೀಲಿಲ್ಲ, ನಿಮ್ಮ ಅನುಮಾನ ಸರಿಯಾಗೇ ಇದೆ. ನೈಜರ್ ನದಿ ದಡದ ಒನಿಟ್ಶಾದಲ್ಲಿ ಮೊದಲ ಮಿಷನ್ (ಆಂಗ್ಲಿಕನ್, ಅಂದ್ರೆ ಇಂಗ್ಲೆಂಡಿನ ಚರ್ಚಿನದ್ದು) ಶುರುವಾಗಿದ್ದು 1857ರಲ್ಲಿ, ಕ್ಯಾಥೊಲಿಕ್ ಪಾದ್ರಿಗಳು ಅದೇ ಊರಿಗೆ ಬಂದಿದ್ದು 1885ರಲ್ಲಿ, ಆದ್ರೆ 1900ರ ಹೊತ್ತಿಗೂ ನದಿಯಿಂದ ಒಳಗಿದ್ದ ಹಳ್ಳಿಗಳು ಹೆಚ್ಚುಕಮ್ಮಿ ತಮ್ಮ ಪಾಡಿಗೆ ತಾವಿದ್ವು. ನಲವತ್ತು ವರ್ಷ ಉಪದೇಶ ಮಾಡಿದ್ರೂ ಸಿಕ್ಕಿದ್ದು ಬೆರಳೆಣಿಕೆ ಜನ.

ಆ ಬೆರಳೆಣಿಕೆ ಜನ ಯಾರು ಅನ್ನೋದ್ರಲ್ಲೇ ವಿಷಯ ಇರೋದು. ಪ್ರತಿ ಊರಿನ ಅಂಚಲ್ಲೂ ಒಂದು ಕೆಟ್ಟ ಕಾಡು ಇರ್ತಿತ್ತು, ಇಗ್ಬೋದಲ್ಲಿ ಅಜೋ ಒಫಿಯಾ ಅಂತಾರೆ. ಮಣ್ಣು ಮಾಡಿದ್ರೆ ಭೂದೇವಿ ಅಲಾಗೆ ಮೈಲಿಗೆ ಅಂತ ಯಾವ ಹೆಣಗಳನ್ನ ಹೂಳಲ್ವೋ ಅವನ್ನ ಅಲ್ಲಿಗೆ ಎಸೀತಿದ್ರು, ಅವಳಿ ಮಕ್ಕಳು ಹುಟ್ಟಿದ್ರೆ ಅದೂ ಮೈಲಿಗೆ ಅಂತ ಮಡಕೇಲಿಟ್ಟು ಅಲ್ಲೇ ಬಿಟ್ಟು ಬರ್ತಿದ್ರು, ಅಳ್ತಾ ಇದ್ರೂ ಅಷ್ಟೇ. ಮಿಷನರಿಗಳು ಬಂದು ಮನೆ ಕಟ್ಟೋಕೆ ಜಾಗ ಕೇಳಿದಾಗ ಎಷ್ಟೋ ಊರುಗಳಲ್ಲಿ ಹಿರಿಯರು ಇದೇ ಕಾಡನ್ನ ತೋರಿಸಿದ್ರು, ತಗೊಳ್ಳಿ, ಎಷ್ಟು ಬೇಕೋ ಅಷ್ಟು ತಗೊಳ್ಳಿ ಅಂತ. ದೈವಗಳೇ ನೋಡ್ಕೋತವೆ ಅನ್ನೋ ಲೆಕ್ಕ ಅವರದ್ದು. ಆದ್ರೆ ಕಾಡು ಕಡಿದ್ರು, ಹುಲ್ಲಿನ ಮಾಡು ಹಾಕಿದ್ರು, ವಾರ ಕಳೀತು, ತಿಂಗಳು ಕಳೀತು, ಯಾರೂ ಸಾಯ್ಲಿಲ್ಲ. ಇದನ್ನ ಇಡೀ ಊರು ದೂರದಿಂದ ನೋಡ್ತಾ ಇತ್ತು.

ಊರೊಳಗೆ ಜಾಗ ಇಲ್ಲದವರು ಇನ್ನೂ ಹತ್ತಿರದಿಂದ ನೋಡ್ತಿದ್ರು. ಓಸು ಅಂತ ಒಂದು ವರ್ಗ, ಹಿಂದೆ ಯಾವಾಗ್ಲೋ ದೈವಕ್ಕೆ ಬಿಟ್ಟವರು, ಅವರ ಮಕ್ಕಳು ಮೊಮ್ಮಕ್ಕಳೂ ಓಸುಗಳೇ, ಬೇರೆಯವರ ಜೊತೆ ಮದುವೆ ಇಲ್ಲ. ಅವರಿಗೆ, ಅವಳಿ ಹೆತ್ತು ಮಕ್ಕಳನ್ನ ಕಳ್ಕೊಂಡ ತಾಯಂದ್ರಿಗೆ, ಕೊಂಡು ತಂದ ಗುಲಾಮರಿಗೆ ಆ ಹುಲ್ಲಿನ ಮಾಡಿನ ಕೆಳಗೆ ಕೂತ್ಕೊಳ್ಳೋಕೆ ಜಾಗ ಸಿಕ್ತು. ಇಡೀ ಕಥೆಯ ಕೀಲಿ ಇದೇ ಅಂತ ನಂಗನ್ಸುತ್ತೆ, ಊರು ಯಾರನ್ನ ಹೊರಗಿಟ್ಟಿತ್ತೋ ಅವರೇ ಮೊದಲು ಎದ್ದು ಹೋದ್ರು. ಹಿರಿಯರು ಮೊದಮೊದಲು ತಲೆ ಕೆಡಿಸ್ಕೊಳ್ಳಲೇ ಇಲ್ಲ, ಹೋಗಿದ್ದು ನಮ್ಮೋರಲ್ವಲ್ಲ ಅಂತ.

ಮಿಕ್ಕಿದ್ದು ಬಂದೂಕು ಮತ್ತು ಸ್ಲೇಟು. 1901-02ರಲ್ಲಿ ಬ್ರಿಟಿಷ್ ಸೇನೆ ಅರೊಚುಕ್ವು ಅನ್ನೋ ಊರಿನ ಮೇಲೆ ದಂಡೆತ್ತಿ ಹೋಗಿ ಇಬಿನಿ ಉಕ್ಪಾಬಿ ಅನ್ನೋ ದೈವದ ಗುಡಿ ಧ್ವಂಸ ಮಾಡ್ತು. ಇದು ಸಣ್ಣ ಗುಡಿಯಲ್ಲ, ಇಡೀ ಇಗ್ಬೋ ನಾಡು ನ್ಯಾಯ ಕೇಳೋಕೆ ಬರ್ತಿದ್ದ ಜಾಗ (ಹಾಗೆ ಬಂದವರಲ್ಲಿ ಎಷ್ಟೋ ಜನ ಗುಲಾಮರಾಗಿ ಮಾರಾಟ ಆಗ್ತಿದ್ರು, ಅದೂ ಸುಳ್ಳಲ್ಲ). ಅಂಥ ದೈವಕ್ಕೇ ತನ್ನನ್ನ ಉಳಿಸ್ಕೊಳ್ಳೋಕಾಗ್ಲಿಲ್ವಲ್ಲ ಅನ್ನೋ ಮಾತು ಹಳ್ಳಿ ಹಳ್ಳಿಗೂ ಮುಟ್ಟಿತು. ಆಮೇಲೆ ಬಂತು ಕೋರ್ಟು, ಗುಮಾಸ್ತ, ದುಭಾಷಿ, ಸಮನ್ಸ್ ಕಾಗದ. ಇಗ್ಬೋಗಳಲ್ಲಿ ಹೆಚ್ಚಿನ ಊರಿಗೆ ರಾಜ ಅಂತಾನೇ ಇರ್ಲಿಲ್ಲ, ಎಲ್ರೂ ಕೂತು ಮಾತಾಡಿ ತೀರ್ಮಾನ ಮಾಡೋ ಜನ, ಅಂಥವರ ಮೇಲೆ ಸರ್ಕಾರ ವಾರಂಟ್, ಅಂದ್ರೆ ನೇಮಕದ ಕಾಗದ, ಕೊಟ್ಟು ಮುಖ್ಯಸ್ಥರನ್ನ ಕೂರಿಸ್ತು. ಕಾಗದದಲ್ಲಿ ಏನಿದೆ ಅಂತ ಓದೋಕೆ ಬರದವನು ಹೊಲಾನೂ ಕಳ್ಕೊಂಡ, ಮಾನಾನೂ ಕಳ್ಕೊಂಡ. ಆಗ ಅಪ್ಪಂದಿರಿಗೆ ಹೊಳೀತು, ಮನೇಲಿ ಒಬ್ಬ ಹುಡುಗನಾದ್ರೂ ಓದು ಕಲೀಬೇಕು. ಶಾಲೆ ಇದ್ದಿದ್ದು ಪಾದ್ರಿ ಹತ್ರ. 1902ರಲ್ಲಿ ಬಂದ ಐರಿಷ್ ಪಾದ್ರಿ ಜೋಸೆಫ್ ಶಾನಹನ್ ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡ, ಗುಲಾಮರನ್ನ ಕೊಂಡು ಬಿಡಿಸೋಕೆ ಅಂತ ಖರ್ಚಾಗ್ತಿದ್ದ ದುಡ್ಡನ್ನ ಶಾಲೆಗಳಿಗೆ ತಿರುಗಿಸ್ದ. ಅಪ್ಪ ಹಳೇ ದೈವಕ್ಕೆ ಕೋಳಿ ಕೊಯ್ತಾನೇ ಇದ್ದ, ಮಗ ಅಕ್ಷರ ಕಲಿಯೋಕೆ ಹೋಗಿ ಜ್ಞಾನಸ್ನಾನ ಮಾಡಿಸ್ಕೊಂಡು ಬಂದ.

ಪ್ರಶ್ನೆ: ಅಂದ್ರೆ ಬಿಳಿಯರು ಬಂದು ಕರಿಯರ ಸಂಸ್ಕೃತಿ ಹಾಳು ಮಾಡಿದ್ರು, ಅಷ್ಟೇ ತಾನೇ? ಯಾಕೆ ಸುತ್ತಿ ಬಳಸಿ ಹೇಳ್ತೀರಿ?

ಸುತ್ತಿ ಬಳಸೋಕೆ ಕಾರಣ ಇದೆ. 1857ರಲ್ಲಿ ಒನಿಟ್ಶಾಗೆ ಮಿಷನ್ ತಂದವರು ಬಿಳಿಯರಲ್ಲ. ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಯೊರುಬಾ ಜನಾಂಗದವರು, ಹುಡುಗನಾಗಿದ್ದಾಗ ಗುಲಾಮನಾಗಿ ಮಾರಾಟ ಆಗಿ ಹಡಗು ಹತ್ತಿದವರು, ಬ್ರಿಟಿಷ್ ನೌಕಾಪಡೆ ಆ ಹಡಗು ಹಿಡಿದಿದ್ರಿಂದ ಸಿಯೆರಾ ಲಿಯೋನ್‌ನಲ್ಲಿ ಇಳಿದು ಓದಿದವರು. ಅವರ ಜೊತೆ ಬಂದು ಅಲ್ಲೇ ನಿಂತ ಜಾನ್ ಕ್ರಿಸ್ಟೋಫರ್ ಟೇಲರ್ ಅವರ ಅಪ್ಪ ಅಮ್ಮ ಇಗ್ಬೋ ನಾಡಿಂದ್ಲೇ ಗುಲಾಮರಾಗಿ ಹೋದವರು. ಅಪ್ಪ ಅಮ್ಮನ್ನ ಕಳ್ಕೊಂಡ ನಾಡಿಗೆ ಮಗ ಬೈಬಲ್ ಹಿಡ್ಕೊಂಡು ಬಂದ, ಇದನ್ನ ಯಾವ ಖಾನೇಲಿ ಹಾಕ್ತೀರಿ ನೀವೇ ಹೇಳಿ. ಬಿಳಿಯರ ದರ್ಪ ಇರ್ಲಿಲ್ಲ ಅಂತಲ್ಲ. 1864ರಲ್ಲಿ ಬಿಷಪ್ ಆದ ಇದೇ ಕ್ರೌಥರ್ ಅವರನ್ನ ಕೊನೇಗಾಲದಲ್ಲಿ ಇಂಗ್ಲೆಂಡಿಂದ ಬಂದ ಪಡ್ಡೆ ಮಿಷನರಿಗಳು ಎಷ್ಟು ಕೇವಲವಾಗಿ ನಡೆಸ್ಕೊಂಡ್ರು ಅಂದ್ರೆ, ಅವರ ಕೈಕೆಳಗಿನ ಆಫ್ರಿಕನ್ ಕೆಲಸಗಾರರನ್ನೇ ಅವರ ಕಣ್ಣೆದುರಿಗೆ ತೆಗೆದು ಹಾಕಿದ್ರು. 1891ರ ಕೊನೆ ದಿನ ಕ್ರೌಥರ್ ತೀರ್ಕೊಂಡ್ರು.

ಪ್ರಶ್ನೆ: ಹೆಂಗಸರಿಗಾದ್ರೂ ಒಳ್ಳೇದಾಯ್ತಾ?

ಅವಳಿ ಹೆತ್ತವಳಿಗೆ ಆಯ್ತು. ಎರಡನೇ ಹೆಂಡ್ತಿಗೆ? ಬಹುಪತ್ನಿತ್ವದಲ್ಲಿರೋ ಗಂಡಸಿಗೆ ಜ್ಞಾನಸ್ನಾನ ಕೊಡಬಾರ್ದು ಅಂತ ಆಂಗ್ಲಿಕನ್ ಬಿಷಪ್‌ಗಳು 1888ರಲ್ಲಿ ತೀರ್ಮಾನ ಮಾಡಿದ್ರು. ಅವನು ಚರ್ಚ್ ಸೇರ್ಬೇಕು ಅಂದ್ರೆ ಉಳಿದ ಹೆಂಡ್ತಿಯರನ್ನ ಬಿಡ್ಬೇಕು, ಅವರು ಮಕ್ಕಳು ಮರಿ ಬಿಟ್ಟು ಎಲ್ಲಿಗೆ ಹೋಗ್ಬೇಕು ಅಂತ ಅವರನ್ನ ಯಾರು ಕೇಳಿದ್ರು?

ಪ್ರಶ್ನೆ: ಹಳೇದು ಈಗ ಏನಾದ್ರೂ ಉಳಿದಿದೆಯಾ, ಎಲ್ಲಾ ಹೋಯ್ತಾ?

ಮಾತಲ್ಲಿ ಉಳಿದಿದೆ, ವೇಷ ಬದಲಾಯಿಸ್ಕೊಂಡು. ಹಳೇ ವಾರಕ್ಕೆ ನಾಲ್ಕೇ ದಿನ, ಎಕೆ, ಓರಿಯೆ, ಅಫೋ, ಎನ್‌ಕ್ವೋ, ಸಂತೆ ಈಗ್ಲೂ ಇದೇ ಲೆಕ್ಕದಲ್ಲಿ ಸೇರುತ್ತೆ. ಇಜು ಅಂದ್ರೆ ಆ ನಾಲ್ಕು ದಿನದ ವಾರ, ಏಳು ದಿನದ್ದು ಬಂದಾಗ ಅದಕ್ಕೆ ಇಜು ಉಕಾ ಅಂದ್ರು, ಅಂದ್ರೆ ಚರ್ಚಿನ ವಾರ. ಎರಡೂ ಒಟ್ಟಿಗೆ ಓಡ್ತಿವೆ. ಪಾಪ ಎಕ್ವೆನ್ಸು ಕಥೆ ಮಾತ್ರ ಬೇರೆ, ಕೆಲವು ಕಡೆ ಹಬ್ಬ ಮಾಡಿಸ್ಕೊಳ್ತಿದ್ದ ಯುದ್ಧದ ದೈವ, ಬೈಬಲ್ ಅನುವಾದದಲ್ಲಿ ಸೈತಾನ ಆಗ್ಬಿಟ್ಟ. ಇನ್ನು ಕೋಲಾ ಕಾಯಿ, ನಮ್ಮ ಅಡಿಕೆ ಥರ ಅಗಿಯೋದು. ಅತಿಥಿ ಬಂದ್ರೆ ತಟ್ಟೇಲಿ ಕೋಲಾ ಇಟ್ಟು ಹಿರಿಯರು ಪ್ರಾರ್ಥನೆ ಮಾಡಿ ಒಡೀಬೇಕು, ಈಗ ಎಷ್ಟೋ ಮನೇಲಿ ಆ ಪ್ರಾರ್ಥನೆ ಯೇಸುವಿನ ಹೆಸರಲ್ಲಿ ಮುಗಿಯುತ್ತೆ, ಆದ್ರೆ ಇಗ್ಬೋದಲ್ಲೇ ಆಗ್ಬೇಕು, ಯಾಕಂದ್ರೆ ಕೋಲಾಗೆ ಇಂಗ್ಲಿಷ್ ಬರಲ್ಲ ಅಂತಾರೆ ಅವರು.

ಓಸು ಪದ್ಧತೀನೂ ಉಳಿದಿದೆ. 1956ರಲ್ಲಿ ನೈಜೀರಿಯಾದ ಪೂರ್ವ ಪ್ರಾಂತ್ಯದ ಶಾಸನಸಭೆ ಕಾನೂನು ಮಾಡಿ ಅದನ್ನ ರದ್ದು ಮಾಡ್ತು. ಆದ್ರೂ ಹುಡುಗಿ ಕಡೆಯವರೂ ಕ್ಯಾಥೊಲಿಕ್, ಹುಡುಗನ ಕಡೆಯವರೂ ಕ್ಯಾಥೊಲಿಕ್, ಮದುವೆ ಚರ್ಚಲ್ಲೇ ಅಂತ ಆದ್ಮೇಲೂ ಮನೆ ಹಿರಿಯ ಒಬ್ಬರು ಸದ್ದಿಲ್ದೆ ಆ ಊರಿಗೆ ಹೋಗಿ ವಿಚಾರಿಸ್ಕೊಂಡು ಬರ್ತಾರೆ, ಇವರು ಓಸು ಏನು ಅಂತ.