ಯೂರೋಪ್ ಸುತ್ತಲು ಎಷ್ಟು ಸಿಮ್ ಬೇಕು?

ಅಪ್ಪ ಅಮ್ಮನ ಜೊತೆ ಹದಿನೈದು ದಿನ ಪ್ಯಾರಿಸ್, ಸ್ವಿಟ್ಜರ್‌ಲ್ಯಾಂಡ್, ಇಟಲಿ ನೋಡಲು ಹೊರಟಿದ್ದೀರಿ. ಮೂರು ದೇಶಕ್ಕೆ ಮೂರು ಸಿಮ್ ಬೇಕಾ, ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರೆ ಸಾಕಾ ಅಂತ ಕೇಳಿದ್ದೀರಿ.

ಮೂರು ಬೇಡ, ಒಂದು ಸಾಕು. ಆದರೆ ನಿಮ್ಮ ಪಟ್ಟಿಯ ನಡುವೆ ಸ್ವಿಟ್ಜರ್‌ಲ್ಯಾಂಡ್ ಕೂತಿದೆಯಲ್ಲ, ನಾನು ಪೆಟ್ಟು ತಿಂದಿದ್ದು ಅಲ್ಲೇ.

2017ರ ಜೂನ್ 15ರಿಂದ ಯೂರೋಪಿಯನ್ ಒಕ್ಕೂಟದ ಒಳಗೆ ರೋಮಿಂಗ್ ಅಂತ ಬೇರೆ ದುಡ್ಡು ಕೀಳುವಂತಿಲ್ಲ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ರೋಮ್‌ನಲ್ಲೂ ಅದೇ ದರಕ್ಕೆ ನಡೆಯುತ್ತದೆ. ಬೇರೆ ದೇಶದಲ್ಲಿ ಡೇಟಾ ಮಿತಿ ಸ್ವಲ್ಪ ಕಡಿಮೆ ಇರಬಹುದು, ಕೊಳ್ಳುವಾಗ ಕೇಳಿ. ನಾರ್ವೆ, ಐಸ್‌ಲ್ಯಾಂಡ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ನಿಯಮಕ್ಕೆ ಸೇರಿವೆ. ಸ್ವಿಟ್ಜರ್‌ಲ್ಯಾಂಡ್ ಸೇರಿಲ್ಲ. ನಮಗೆ ಷೆಂಗೆನ್ ವೀಸಾ ಎಲ್ಲಕ್ಕೂ ಒಂದೇ ಸಿಗುತ್ತದೆ, ಹಾಗಾಗಿ ಫೋನಿಗೂ ಹಾಗೇ ಅಂದುಕೊಂಡುಬಿಡುತ್ತೇವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಫ್ರಾನ್ಸಿನ ಪ್ರೀಪೇಯ್ಡ್ ಸಿಮ್ ಹಾಕಿಕೊಂಡು ಪ್ಯಾರಿಸ್‌ನಿಂದ ಬಾಸೆಲ್ ರೈಲು ಹತ್ತಿದೆ. ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ. ಫೋನ್ ತನ್ನ ಪಾಡಿಗೆ ಐಫೆಲ್ ಟವರ್ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡುತ್ತಾ ಇತ್ತು. ಇಳಿದು ಹೋಟೆಲ್ ದಾರಿ ನೋಡೋಣ ಅಂದರೆ ನೆಟ್ ಇಲ್ಲ. ಬ್ಯಾಲೆನ್ಸ್ ಸೊನ್ನೆ! ಗಡಿ ದಾಟಲೇಬೇಕು ಅಂತಲೂ ಇಲ್ಲ. ಜಿನೀವಾ ಸರೋವರದ ಫ್ರಾನ್ಸ್ ದಡದಲ್ಲಿ ನಿಂತಿದ್ದರೂ ಫೋನ್ ಆಚೆ ದಡದ ಸ್ವಿಸ್ ಟವರ್ ಹಿಡಿದುಬಿಡಬಹುದು.

ಅಲ್ಲಿನ ಕೆಲವು ಕಂಪನಿಗಳು ತಾವಾಗಿಯೇ ಸ್ವಿಟ್ಜರ್‌ಲ್ಯಾಂಡನ್ನೂ ಸೇರಿಸಿ ಕೊಡುತ್ತವೆ. ‘ಯೂರೋಪ್’ ಅಂತ ದೊಡ್ಡದಾಗಿ ಬರೆದಿದ್ದನ್ನು ನಂಬಬೇಡಿ. ಕೆಳಗೆ ದೇಶಗಳ ಪಟ್ಟಿ ಇರುತ್ತದೆ, ಅದರಲ್ಲಿ ಸ್ವಿಟ್ಜರ್‌ಲ್ಯಾಂಡ್ ಹೆಸರು ಕಣ್ಣಾರೆ ನೋಡಿ. ಲಂಡನ್‌ಗೂ ಹೋಗುವುದಿದ್ದರೆ ಬ್ರಿಟನ್ ಹೆಸರನ್ನೂ ಹುಡುಕಿ. ಅದು ಒಕ್ಕೂಟ ಬಿಟ್ಟು ಹೊರಬಂದಿದೆ.

ಎರಡನೇ ಸಲ ಹೋದಾಗ ಇ-ಸಿಮ್ ತಗೊಂಡೆ, ಅಂದರೆ ಕಾರ್ಡ್ ಇಲ್ಲದೆ ನೆಟ್‌ನಿಂದಲೇ ಫೋನಿಗೆ ಇಳಿಸಿಕೊಳ್ಳುವ ಸಿಮ್. ನಿಮಗೂ ಅದನ್ನೇ ಹೇಳುತ್ತೇನೆ. ಫೋನಿನಲ್ಲಿ *#06# ಒತ್ತಿ. ಐಎಂಇಐ ಅನ್ನುವ ಫೋನಿನ ಗುರುತಿನ ನಂಬರ್ ಜೊತೆ ‘ಇಐಡಿ’ ಅಂತ ಉದ್ದನೆಯ ನಂಬರ್ ಬಂದರೆ ಸಾಮಾನ್ಯವಾಗಿ ಇ-ಸಿಮ್ ನಡೆಯುತ್ತದೆ ಅಂತ ಅರ್ಥ. ಮನೆಯ ವೈಫೈನಲ್ಲೇ ಹಾಕಿಕೊಂಡು ಹೊರಡಿ, ಯಾಕೆಂದರೆ ಹಾಕಿಕೊಳ್ಳೋಕೇ ನೆಟ್ ಬೇಕು. ದಿನದ ಲೆಕ್ಕ ಯಾವಾಗ ಶುರು ಅನ್ನುವುದನ್ನೂ ಓದಿಕೊಳ್ಳಿ. ಕೆಲವು ಅಲ್ಲಿನ ನೆಟ್‌ವರ್ಕ್ ಹಿಡಿದಾಗ ಶುರುವಾಗುತ್ತವೆ, ಕೆಲವು ಹಾಕಿಕೊಂಡ ಗಳಿಗೆಯಿಂದಲೇ. ನನಗೆ ಹದಿನೈದು ದಿನಕ್ಕೆ ಆರು ಜಿಬಿ ಸಾಕಾಯಿತು. ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದೆ, ವಿಡಿಯೊ ಎಲ್ಲ ಹೋಟೆಲ್ ವೈಫೈನಲ್ಲಿ.

ಇಂಥ ಇ-ಸಿಮ್‌ಗಳಲ್ಲಿ ಬಹಳಷ್ಟಕ್ಕೆ ಫೋನ್ ನಂಬರೇ ಇರುವುದಿಲ್ಲ, ಬರೀ ಡೇಟಾ. ಅದರಿಂದ ತೊಂದರೆಯೇನೂ ಆಗಲಿಲ್ಲ. ಮನೆಗೆ ವಾಟ್ಸಾಪ್‌ನಲ್ಲೇ ಮಾತಾಡುತ್ತೀರಿ ಅಲ್ವಾ? ವಾಟ್ಸಾಪ್ ಹಳೆಯ ನಂಬರಿನಲ್ಲೇ ಇರಲಿ, ಬದಲಿಸಬೇಡಿ. ಅಲ್ಲಿನ ನಂಬರ್ ಇರುವ ಸಿಮ್ ಕೊಂಡರೆ ಒಂದು ತಮಾಷೆ ಇದೆ. ಫ್ರಾನ್ಸ್ ಸಿಮ್ ಹಿಡಿದು ಇಟಲಿಯಲ್ಲಿ ನಿಂತು ಅಲ್ಲಿನ ಹೋಟೆಲ್‌ಗೆ ಫೋನ್ ಮಾಡಿದರೆ ಮಾಮೂಲಿ ದರ. ಅದೇ ಹೋಟೆಲ್‌ಗೆ ಪ್ಯಾರಿಸ್‌ನಿಂದಲೇ ಮಾಡಿದರೆ ಅದು ಅಂತರರಾಷ್ಟ್ರೀಯ ಕರೆ, ಬೇರೆ ದುಡ್ಡು. ಇಂಡಿಯಾಗೆ ಮಾಡಿದರಂತೂ ಕೇಳಲೇಬೇಡಿ.

ಊರಿನ ಸಿಮ್ ಮಾತ್ರ ಫೋನಿನಿಂದ ತೆಗೆಯಬೇಡಿ. ಮೊದಲ ಸಲ ನಾನು ತೆಗೆದು ಪರ್ಸ್‌ಗೆ ಸೇರಿಸಿದ್ದೆ. ರೈಲು ಟಿಕೆಟ್‌ಗೆ ಕಾರ್ಡ್ ಹಾಕಿದರೆ ಓಟಿಪಿ ಹೋಗಿದ್ದು ಆ ನಂಬರಿಗೆ. ಪ್ಲಾಟ್‌ಫಾರ್ಮಿನಲ್ಲಿ ಕೂತು ಕಿವಿಯೋಲೆಯಿಂದ ಸಿಮ್ ಟ್ರೇ ತೆಗೆದಿದ್ದು ಇನ್ನೂ ನೆನಪಿದೆ. ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ಅವಧಿ ಪ್ರವಾಸದ ಮಧ್ಯೆ ಮುಗಿಯದ ಹಾಗೆ ನೋಡಿಕೊಳ್ಳಿ. ಆಮೇಲೆ ಆ ಸಿಮ್‌ಗೆ ಡೇಟಾ ರೋಮಿಂಗ್ ಆಫ್ ಮಾಡಿ. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಚಾರ್ಜ್ ಇಲ್ಲ. ಕರೆ ಎತ್ತಿದರೆ ಇದೆ. ಸಾಲ ಬೇಕಾ ಸಾರ್ ಅಂತ ಕೇಳುವವರಿಗೆ ನೀವು ಯೂರೋಪ್‌ನಲ್ಲಿದ್ದೀರಿ ಅಂತ ಗೊತ್ತಿರುವುದಿಲ್ಲ, ಸುಮ್ನೆ ಬಿಟ್ಟುಬಿಡಿ.

ಇನ್ನು ಅಪ್ಪ ಅಮ್ಮ. ಜೊತೆಗಿರುವಾಗ ನಿಮ್ಮ ಹಾಟ್‌ಸ್ಪಾಟ್ ಸಾಕು. ಆದರೆ ರೋಮ್‌ನ ಟರ್ಮಿನಿ ಥರದ ದೊಡ್ಡ ಸ್ಟೇಷನ್‌ನಲ್ಲಿ ಅವರು ಹತ್ತು ಹೆಜ್ಜೆ ಹಿಂದುಳಿದರೆ ಹಾಟ್‌ಸ್ಪಾಟೂ ಹೋಯಿತು, ಅವರೂ ಹೋದರು. ಅದಕ್ಕೆ ಇಬ್ಬರಲ್ಲಿ ಒಬ್ಬರ ಫೋನಿಗಾದರೂ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿ, ಅದರಲ್ಲೂ ಸ್ವಿಟ್ಜರ್‌ಲ್ಯಾಂಡ್ ಇದೆಯಾ ನೋಡಿ. ದುಡ್ಡು ಸ್ವಲ್ಪ ಜಾಸ್ತಿಯೇ. ಆದರೆ ಅವರು ಯಾವ ಸೆಟ್ಟಿಂಗೂ ಮುಟ್ಟಬೇಕಿಲ್ಲ, ನಂಬರೂ ಅದೇ. ನಮ್ಮಮ್ಮನಿಗೆ ಹಾಗೇ ಮಾಡಿದ್ದೆ. ಎರಡು ಸಲ ಕಳೆದುಹೋದರು, ಎರಡು ಸಲವೂ ಅವರೇ ಫೋನ್ ಮಾಡಿ ‘ನೀನೆಲ್ಲಿ ಕಳೆದುಹೋದೆ’ ಅಂತ ನನ್ನನ್ನೇ ಬೈದರು.